ಮೊದಲು ಗೋಡೆ, ಆಮೇಲೆ ಚಿತ್ರ: ಮುಂಬಯಿಯ ಕಚೇರಿಯಲ್ಲಿ ಕಲಾಕೃತಿ ಇಡುವ ಬಗೆ

ಕಚೇರಿಗೆ ಒಂದು ಒಳ್ಳೆಯ ಚಿತ್ರ ಬೇಕೆಂದುಕೊಂಡವರು ಸಾಮಾನ್ಯವಾಗಿ ಮೊದಲು ಚಿತ್ರವನ್ನು ಕೊಳ್ಳುತ್ತಾರೆ, ಮನೆಗೆ ತಂದ ಸಾಮಾನಿಗೆ ಜಾಗ ಹುಡುಕುವಂತೆ ಆಮೇಲೆ ಅದಕ್ಕೊಂದು ಗೋಡೆ ಹುಡುಕುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ನೀರು ಕುಡಿದು ನಿಲ್ಲುವ ಮುಂಬಯಿಯಲ್ಲಿ ಈ ಕ್ರಮ ತಲೆಕೆಳಗಾದದ್ದು. ನನಗೆ ಇದು ತಿಳಿದದ್ದು ಒಂದು ನಷ್ಟದಿಂದ. ಅಂಧೇರಿಯಲ್ಲಿ ನಾನು ಆಗ ಕೆಲಸ ಮಾಡುತ್ತಿದ್ದ ಕಚೇರಿಗೆ ಕರಾವಳಿಯ ದೃಶ್ಯವಿದ್ದ ಒಂದು ಜಲವರ್ಣ ಚಿತ್ರವನ್ನು ನಾನೇ ಆರಿಸಿ, ಮಾರ್ಚ್ ತಿಂಗಳಲ್ಲಿ ಪಶ್ಚಿಮದ ಹೊರಗೋಡೆಗೆ ತೂಗುಹಾಕಿಸಿದ್ದೆ. ಆಗಸ್ಟ್ ಹೊತ್ತಿಗೆ ಚಿತ್ರದ ಆಕಾಶದಲ್ಲಿ ಕಂದು ಚುಕ್ಕೆಗಳು ಮೂಡಿದ್ದವು. ಕೆಳಗಿಳಿಸಿ ತಿರುಗಿಸಿದಾಗ ಹಿಂಬದಿಯ ಹಾರ್ಡ್‌ಬೋರ್ಡ್ ಉಬ್ಬಿ, ಅಂಚಿನುದ್ದಕ್ಕೂ ಬೂಷ್ಟು ಹಿಡಿದಿತ್ತು. ಒಬ್ಬ ಕಲಾವಿದೆ ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಒಂದೇ ಮಳೆಗಾಲದಲ್ಲಿ ಹಾಳಾಯಿತು, ಮತ್ತು ಅದನ್ನು ಆ ಗೋಡೆಗೆ ಒಪ್ಪಿಸಿದವನು ನಾನು. ಅಂದಿನಿಂದ ಯಾರು ಸಲಹೆ ಕೇಳಿದರೂ ನಾನು ಗೋಡೆಯಿಂದಲೇ ಆರಂಭಿಸುತ್ತೇನೆ. ಈ ಲೇಖನದ ಕ್ರಮವೂ ಅದೇ.

ಗೋಡೆಯ ಪರೀಕ್ಷೆ

ಕಚೇರಿಯ ಗೋಡೆಗಳನ್ನೆಲ್ಲ ಒಂದು ಕಾಗದದ ಮೇಲೆ ಗುರುತಿಸಿಕೊಂಡು, ಯಾವುದು ಹೊರಗೋಡೆ, ಯಾವುದು ಎರಡು ಕೋಣೆಗಳ ನಡುವಿನದು, ಯಾವುದರ ಹಿಂದೆ ಶೌಚಾಲಯ ಅಥವಾ ಚಹಾ ಮಾಡುವ ಜಾಗದ ನಲ್ಲಿಯ ಪೈಪು ಹಾದುಹೋಗಿದೆ ಎಂಬುದನ್ನು ಬರೆದಿಡಿ. ಅರಬ್ಬಿ ಸಮುದ್ರದಿಂದ ಬರುವ ಮಳೆ ನೈಋತ್ಯದಿಂದ ಬೀಸಿ ಹೊಡೆಯುವುದರಿಂದ ಪಶ್ಚಿಮ ಮತ್ತು ದಕ್ಷಿಣಕ್ಕೆ ಮುಖ ಮಾಡಿದ ಹೊರಗೋಡೆಗಳು ಅತಿ ಹೆಚ್ಚು ತೋಯುತ್ತವೆ. ಬಣ್ಣ ಗುಳ್ಳೆ ಎದ್ದಿರುವುದು, ಗಾರೆಯ ಮೇಲೆ ಉಪ್ಪಿನಂತಹ ಬಿಳಿ ಹುಡಿ ಕಾಣಿಸುವುದು, ನೆಲದ ಬಳಿ ಕಲೆ ಮೇಲೇರಿರುವುದು ಇವೆಲ್ಲ ಗೋಡೆ ಒಳಗಿನಿಂದ ತೇವವಾಗಿದೆ ಎಂಬುದರ ಗುರುತುಗಳು. ಸಂಶಯವಿದ್ದರೆ ಒಂದು ಅಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಲ್ಲಿ ಟೇಪಿನಿಂದ ಗೋಡೆಗೆ ಭದ್ರವಾಗಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ನೀರು ಗೋಡೆಯಿಂದಲೇ ಬರುತ್ತಿದೆ, ಹೊರಮೈಯಲ್ಲಿ ಕಟ್ಟಿದ್ದರೆ ಕೋಣೆಯ ಗಾಳಿಯೇ ತೇವವಾಗಿದೆ. ಮೊದಲನೆಯದಕ್ಕೆ ಕಟ್ಟಡ ದುರಸ್ತಿ ಮಾಡಿಸದೆ ಬೇರೆ ಉಪಾಯವಿಲ್ಲ. ಎರಡನೆಯದನ್ನು ಗಾಳಿಯಾಡುವಂತೆ ಮಾಡಿ ಸರಿಪಡಿಸಬಹುದು.

ಗಾಳಿಯ ತೇವವನ್ನು ತೋರಿಸುವ ಚಿಕ್ಕ ಮಾಪಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಒಂದನ್ನು ತಂದು ಎರಡು ವಾರ ಇಟ್ಟು, ಸೋಮವಾರ ಬೆಳಿಗ್ಗೆ ಬಾಗಿಲು ತೆರೆದೊಡನೆ ಅದು ಎಷ್ಟು ತೋರಿಸುತ್ತದೆ ಎಂಬುದನ್ನು ಮುಖ್ಯವಾಗಿ ಗಮನಿಸಿ. ವಾರವೆಲ್ಲ ಏಸಿಯಲ್ಲಿ ಒಣಗಿರುವ ಕೋಣೆ ಶನಿವಾರ, ಭಾನುವಾರ ಏಸಿ ನಿಂತೊಡನೆ ಮತ್ತೆ ತೇವವಾಗುತ್ತದೆ. ಈ ಏರಿಳಿತ ಕಾಗದವನ್ನೂ ಕ್ಯಾನ್ವಾಸನ್ನೂ ಹಿಗ್ಗಿಸಿ ಕುಗ್ಗಿಸಿ ದುರ್ಬಲಗೊಳಿಸುತ್ತದೆ. ಆ ಮಾಪಕ ತೋರಿಸುವ ಗಾಳಿಯ ತೇವ, ಎಂದರೆ ಸಾಪೇಕ್ಷ ಆರ್ದ್ರತೆ, ಶೇಕಡಾ 65ನ್ನು ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಬೆಳೆಯಲು ಅನುಕೂಲವಾಗುತ್ತದೆ. ಅಂತಹ ಕೋಣೆಗೆ ಜಲವರ್ಣ, ಹಳೆಯ ಕಾಗದ, ನೇಯ್ದ ಬಟ್ಟೆ ಇವು ಬೇಡ. ಅಲ್ಲಿ ಸುಟ್ಟ ಮಣ್ಣಿನ ಫಲಕ, ಕಲ್ಲು, ಹೊಳಪು ಕೊಟ್ಟ ಸೆರಾಮಿಕ್ ಕೃತಿ ನೆಮ್ಮದಿಯಾಗಿ ಉಳಿಯುತ್ತವೆ. ಕಡಲಿಗೆ ಹತ್ತಿರದ ವರಳಿ, ಕೊಲಾಬಾದಂತಹ ಕಡೆ ಉಪ್ಪುಗಾಳಿ ಇರುವುದರಿಂದ ಬರಿ ಕಬ್ಬಿಣದ ಕೃತಿ ಮಾತ್ರ ಅಲ್ಲಿಯೂ ಬೇಡ.

ಇನ್ನೆರಡು ವಿಷಯಗಳು. ಕಿಟಕಿಯಿಂದ ನೇರ ಬಿಸಿಲು ಬೀಳುವ ಗೋಡೆಯನ್ನು ಪಟ್ಟಿಯಿಂದ ತೆಗೆದುಹಾಕಿ. ದೇವರ ಪಟದ ಮುಂದೆ ದಿನವೂ ಊದುಬತ್ತಿ, ಎಣ್ಣೆಯ ದೀಪ ಹಚ್ಚುವ ಕಚೇರಿಗಳಲ್ಲಿ ಆ ಹೊಗೆ ತಾಗದಷ್ಟು ದೂರದಲ್ಲಿ ಚಿತ್ರವಿರಲಿ. ನಮ್ಮ ಕನ್ನಡಿಗರ ಹೋಟೆಲುಗಳಲ್ಲಿ ಅಡುಗೆಮನೆಯ ಬಾಗಿಲಿನೆದುರಿನ ಗೋಡೆಗೂ ಇದೇ ಮಾತು ಅನ್ವಯಿಸುತ್ತದೆ, ಏಕೆಂದರೆ ಒಗ್ಗರಣೆಯ ಎಣ್ಣೆ ಹಬೆ ಕ್ಯಾನ್ವಾಸಿನ ಮೇಲೆ ಕೂತರೆ ಅದಕ್ಕೆ ಅಂಟಿದ ಧೂಳನ್ನು ತೆಗೆಯುವುದು ಬಹಳ ಕಷ್ಟ. ಈ ಪರೀಕ್ಷೆಗೆ ಸರಿಯಾದ ತಿಂಗಳು ಆಗಸ್ಟ್. ಗೋಡೆಯನ್ನು ಮಳೆಗಾಲದಲ್ಲಿ ಆರಿಸಿ, ಚಿತ್ರವನ್ನು ಚಳಿಗಾಲದಲ್ಲಿ ಕೊಳ್ಳಿ.

ಎದುರು ಕೂರುವವರು

ಗ್ಯಾಲರಿಯಲ್ಲಿ ಒಂದು ಚಿತ್ರ ಇಷ್ಟವಾಗದವರು ಮುಂದಿನದಕ್ಕೆ ನಡೆದುಬಿಡುತ್ತಾರೆ. ಕಚೇರಿಯಲ್ಲಿ ಆ ಸೌಕರ್ಯವಿಲ್ಲ. ಲೆಕ್ಕಪತ್ರದ ಮೇಜಿನಲ್ಲಿ ಕೂತವರು ಅದೇ ಚಿತ್ರವನ್ನು ದಿನಕ್ಕೆ ಎಂಟೊಂಬತ್ತು ಗಂಟೆ, ವರ್ಷಗಟ್ಟಲೆ ನೋಡಬೇಕು. ಆದುದರಿಂದ ಆಯ್ಕೆಯ ಹೊಣೆ ಮಾಲೀಕರ ಕೋಣೆಯೊಳಗೇ ಮುಗಿಯಬಾರದು. ಮೂರು ಅಥವಾ ನಾಲ್ಕು ಜನರ ಒಂದು ಸಣ್ಣ ಗುಂಪು ಮಾಡಿ, ಅದರಲ್ಲಿ ಆ ಗೋಡೆಯ ಮುಂದೆ ಕೂರುವವರೊಬ್ಬರು ಮತ್ತು ಕಚೇರಿಯನ್ನು ದಿನವೂ ಸ್ವಚ್ಛಗೊಳಿಸುವವರೊಬ್ಬರು ಇರುವಂತೆ ನೋಡಿಕೊಳ್ಳಿ. ಎರಡನೆಯವರನ್ನು ಯಾರೂ ಕೇಳುವುದಿಲ್ಲ. ಆದರೆ ಚಿತ್ರವನ್ನು ಅತಿ ಹತ್ತಿರದಿಂದ ಕಾಣುವವರೂ ಅದನ್ನು ಉಳಿಸುವವರೂ ಅವರೇ.

ಮೆಚ್ಚುಗೆಯಾದ ಎರಡು ಮೂರು ಚಿತ್ರಗಳ ಫೋಟೋಗಳನ್ನು ನಿಜವಾದ ಅಳತೆಗೆ ಸಾದಾ ಕಾಗದದಲ್ಲಿ ಮುದ್ರಿಸಿ ಅದೇ ಗೋಡೆಗೆ ಅಂಟಿಸಿ ಎರಡು ವಾರ ಬಿಡುವುದು ನಾನು ಕಂಡ ಉಪಾಯಗಳಲ್ಲೆಲ್ಲ ಹೆಚ್ಚು ಉಪಯುಕ್ತವಾದದ್ದು. ಇದಕ್ಕೆ ಮೊದಲು ಕಲಾವಿದರ ಒಪ್ಪಿಗೆ ಕೇಳಿ, ಪರೀಕ್ಷೆ ಮುಗಿದ ಮೇಲೆ ಆ ಮುದ್ರಣಗಳನ್ನು ಹರಿದುಹಾಕಬೇಕು. ಮೊದಲ ದಿನ ಕಣ್ಣು ಸೆಳೆದ ಗಾಢ ಕೆಂಪು ಹತ್ತನೆಯ ದಿನಕ್ಕೆ ದಣಿಸಬಹುದು; ಮೊದಲು ಸಪ್ಪೆಯಾಗಿ ಕಂಡ ರೇಖಾಚಿತ್ರ ನಿಧಾನವಾಗಿ ತೆರೆದುಕೊಳ್ಳಬಹುದು. ಹಿಂಸೆ, ನಗ್ನತೆ, ಒಂದು ಮತಕ್ಕೆ ಸೇರಿದ ಸಂಕೇತ ಇವು ಕಲೆಯಲ್ಲಿ ಇರಬಾರದೆಂದಲ್ಲ, ಆದರೆ ಎದ್ದುಹೋಗಲು ಸಾಧ್ಯವಿಲ್ಲದವರ ಎದುರಿಗೆ ಅವನ್ನು ಇಡುವುದು ನ್ಯಾಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಂಸ್ಥಾಪಕರ ಭಾವಚಿತ್ರಕ್ಕೆ, ದೇವರ ಪಟಕ್ಕೆ ಅವುಗಳದೇ ಗೌರವದ ಸ್ಥಾನವಿದೆ. ಅವನ್ನು ಕಲಾಕೃತಿಗಳ ಸಾಲಿಗೆ ಸೇರಿಸಿದರೆ ಎರಡರ ಘನತೆಯೂ ಕುಗ್ಗುತ್ತದೆ.

ಏನನ್ನು ಕೊಳ್ಳಬೇಕು, ಎಲ್ಲಿ

ಕೆಲಸದ ಜಾಗದಲ್ಲಿ ಕಲೆಗೆ ಮುಂಬಯಿಯಲ್ಲಿ ಒಂದು ದೊಡ್ಡ ಮಾದರಿ ಇದೆ. ಅಣುವಿಜ್ಞಾನಿ ಹೋಮಿ ಭಾಭಾ ಅವರು ಕೊಲಾಬಾದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಕಟ್ಟಿಸುವಾಗ, ಹಣದ ಶೇಕಡಾ 1ರಷ್ಟನ್ನು ಕಲಾಕೃತಿಗಳಿಗೆ ಬಳಸಲು ನೆಹರೂ ಅವರಿಂದ ಒಪ್ಪಿಗೆ ಪಡೆದರು. 1962ರಲ್ಲಿ ಉದ್ಘಾಟನೆಯಾದ ಆ ಕಟ್ಟಡದ ಪ್ರವೇಶಾಂಗಣದಲ್ಲಿ ಎಂ.ಎಫ್. ಹುಸೇನ್ ಅವರ ದೊಡ್ಡ ಭಿತ್ತಿಚಿತ್ರವಿದೆ. ಗಣಿತ, ಭೌತಶಾಸ್ತ್ರದ ಸಂಶೋಧಕರು ಓಡಾಡುವ ಪಡಸಾಲೆಗಳಲ್ಲಿ ಅಂದಿನ ಯುವ ಕಲಾವಿದರ ಕೃತಿಗಳಿವೆ. ಭಾಭಾ ಆ ಕೃತಿಗಳನ್ನು ಕೊಂಡಾಗ ಅವರಲ್ಲಿ ಅನೇಕರು ಇನ್ನೂ ಹೆಸರು ಮಾಡಿರಲಿಲ್ಲ. ಸಣ್ಣ ಕಚೇರಿಯೊಂದು ಅನುಸರಿಸಬಹುದಾದದ್ದು ಈ ಅಂಶವನ್ನೇ: ಒಳಾಂಗಣ ಅಲಂಕಾರಕ್ಕೆ ಇಟ್ಟ ಹಣದಲ್ಲಿ ಒಂದು ನಿರ್ದಿಷ್ಟ ಪಾಲನ್ನು ಮೊದಲೇ ತೆಗೆದಿಟ್ಟು, ಅದನ್ನು ಬದುಕಿರುವ, ಬೆಳೆಯುತ್ತಿರುವ ಕಲಾವಿದರ ಮೂಲ ಕೃತಿಗೆ ಕೊಡುವುದು. ಆ ಪಾಲಿನೊಳಗೇ ಚಿತ್ರದ ಕಟ್ಟು (ಫ್ರೇಮ್), ದೀಪ, ಸಾಗಣೆಯ ವೆಚ್ಚವನ್ನೂ ಲೆಕ್ಕಹಾಕಿ. ಇವನ್ನು ಮರೆತವರು ಕೊನೆಗೆ ಒಳ್ಳೆಯ ಚಿತ್ರಕ್ಕೆ ಅಗ್ಗದ ಕಟ್ಟು ಹಾಕಿಸುತ್ತಾರೆ.

ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ 1952ರಲ್ಲಿ ಆರಂಭವಾಯಿತು. ಅದನ್ನು ಸ್ಥಾಪಿಸುವಂತೆ ಸರ್ ಕಾವಸ್‌ಜಿ ಜಹಾಂಗೀರ್ ಅವರನ್ನು ಒತ್ತಾಯಿಸಿದವರಲ್ಲಿ ಭಾಭಾ ಅವರ ಜೊತೆಗೆ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿದ ಕೆ.ಕೆ. ಹೆಬ್ಬಾರರೂ ಇದ್ದರು. ಈ ನಗರದ ಕನ್ನಡಿಗರು ಆ ಮೆಟ್ಟಿಲನ್ನು ಪರಕೀಯರಂತೆ ಹತ್ತಬೇಕಾಗಿಲ್ಲ. ಒಳಗೆ ಪ್ರದರ್ಶನಗಳು ವಾರವಾರ ಬದಲಾಗುತ್ತವೆ, ಕಲಾವಿದರು ತಮ್ಮ ಕೃತಿಗಳ ಬಳಿಯೇ ಇರುತ್ತಾರೆ, ಪ್ರಶ್ನೆ ಕೇಳಿದರೆ ಸಂತೋಷದಿಂದ ಉತ್ತರಿಸುತ್ತಾರೆ. ಹೆಬ್ಬಾರರ ರೇಖಾಚಿತ್ರಗಳನ್ನು ಎಲ್ಲಿಯಾದರೂ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ನರ್ತಿಸುವ ಒಂದು ದೇಹವನ್ನು ನಾಲ್ಕಾರು ಗೆರೆಗಳಲ್ಲಿ ಹಿಡಿಯುವ ಆ ಬಗೆಯನ್ನು ಕಂಡ ಕಣ್ಣು, ಮುಂದೆ ಬೇರೆಯವರ ಕೃತಿಯಲ್ಲಿಯೂ ಯಾವ ಗೆರೆ ಅಗತ್ಯ, ಯಾವುದು ಬರಿ ಆಡಂಬರ ಎಂಬುದನ್ನು ಗುರುತಿಸತೊಡಗುತ್ತದೆ. ಕೊಳ್ಳುವುದಕ್ಕೆ ಮೊದಲು ಎರಡು ಮೂರು ತಿಂಗಳು ಸುಮ್ಮನೆ ನೋಡುವುದಕ್ಕೆ ಮೀಸಲಿಡಿ.

ಹಣ ಕಡಿಮೆ ಇದ್ದರೆ ಅಚ್ಚುಚಿತ್ರಗಳನ್ನು ನೋಡಿ. ತಾಮ್ರದ ತಗಡು, ಮರದ ಹಲಗೆ ಅಥವಾ ಕಲ್ಲಿನಿಂದ ಕಲಾವಿದರೇ ತೆಗೆದ ಪ್ರತಿಗಳ ಕೆಳಗೆ ಪೆನ್ಸಿಲಿನಲ್ಲಿ 7/25 ಎಂಬಂತೆ ಬರೆದಿರುತ್ತದೆ. ಒಟ್ಟು 25 ಪ್ರತಿಗಳಲ್ಲಿ ಇದು ಏಳನೆಯದು ಎಂದು ಅದರ ಅರ್ಥ. ಇದು ಮೂಲ ಕೃತಿಯೇ. ಪ್ರತಿಗಳು ಹಲವಿರುವುದರಿಂದ ಬೆಲೆ ಕಡಿಮೆ. ತೈಲಚಿತ್ರದ ಫೋಟೋವನ್ನು ಕ್ಯಾನ್ವಾಸಿನ ಮೇಲೆ ಯಂತ್ರದಿಂದ ಮುದ್ರಿಸಿ ಸಹಿ ಹಾಕಿದ್ದು ಬೇರೆ ವಸ್ತು, ಎರಡನ್ನೂ ಒಂದೇ ಎಂದು ಮಾರುವವರಿಂದ ದೂರವಿರಿ.

ನಾನು ಅತಿ ಹೆಚ್ಚು ಅಕ್ಕರೆಯಿಂದ ಸೂಚಿಸುವುದು ಎರಡು ಗೋಡೆಕಲೆಗಳ ಜೋಡಿಯನ್ನು. ಮುಂಬಯಿಯ ಉತ್ತರಕ್ಕಿರುವ ಪಾಲಘರ್ ಜಿಲ್ಲೆಯ ವಾರ್ಲಿ ಆದಿವಾಸಿ ಹೆಂಗಸರು ಮದುವೆಯ ಸಮಯದಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಿಂದ ಬರೆಯುತ್ತಿದ್ದ ಚಿತ್ರವನ್ನು ಕಾಗದಕ್ಕೂ ಬಟ್ಟೆಗೂ ತಂದು ಲೋಕಕ್ಕೆ ಪರಿಚಯಿಸಿದವರಲ್ಲಿ ಜಿವ್ಯಾ ಸೋಮಾ ಮಾಶೆ ಪ್ರಮುಖರು. ಅವರಿಗೆ 2011ರಲ್ಲಿ ಪದ್ಮಶ್ರೀ ಬಂತು. ಇತ್ತ ಕರ್ನಾಟಕದ ಸಾಗರ, ಸೊರಬದ ಕಡೆಯ ದೀವರ ಸಮುದಾಯದ ಮನೆಗಳಲ್ಲಿಯೂ ಹೆಂಗಸರು ಮದುವೆಗೆಂದೇ ಕೆಂಪು ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಅದರ ಬಿಳಿಯೂ ಅಕ್ಕಿಯದೇ, ಕಪ್ಪು ಹುರಿದು ಸುಟ್ಟ ಅಕ್ಕಿಯದು. ವಾರ್ಲಿಯಲ್ಲಿ ತಾರಪಾ ವಾದ್ಯದ ಸುತ್ತ ಸುರುಳಿಯಾಗಿ ಕುಣಿಯುವ ಜನರಿದ್ದಾರೆ. ಚಿತ್ತಾರದಲ್ಲಿ ಹೆಣೆದ ಗೆರೆಗಳ ಚೌಕದೊಳಗೆ ಮದುಮಕ್ಕಳಿದ್ದಾರೆ. ಮರಾಠಿಯವರೂ ಕನ್ನಡದವರೂ ಒಟ್ಟಿಗೆ ಕೂರುವ ಕಚೇರಿಯಲ್ಲಿ ಇವೆರಡನ್ನು ಅಕ್ಕಪಕ್ಕ ಇಟ್ಟಾಗ, ಯಾರೂ ಕರೆಯದೆ ಜನ ಬಂದು ನಿಂತು ತಮ್ಮ ತಮ್ಮ ಊರಿನ ಮದುವೆಯ ಗೋಡೆಗಳ ಬಗ್ಗೆ ಮಾತನಾಡುವುದನ್ನು ನಾನು ಕಂಡಿದ್ದೇನೆ. ಆದರೆ ಅಂತರ್ಜಾಲದಿಂದ ಇಳಿಸಿಕೊಂಡ ವಾರ್ಲಿ ಆಕೃತಿಗಳನ್ನು ಸ್ಟಿಕರ್ ಮಾಡಿಸಿ ಅಂಟಿಸುವುದರಿಂದ ಆ ಸಮುದಾಯಕ್ಕೆ ಒಂದು ಪೈಸೆಯೂ ತಲುಪುವುದಿಲ್ಲ. ಬರೆಯುವವರಿಂದಲೇ ಬರೆಸಿ, ಅವರ ಪ್ರಯಾಣ, ಊಟ, ವಸತಿಯ ವೆಚ್ಚವನ್ನು ಸಂಭಾವನೆಯಿಂದ ಪ್ರತ್ಯೇಕವಾಗಿ ಕೊಡಿ.

ಕಾಗದಪತ್ರ

ಕೃತಿಯ ಜೊತೆಗೆ ರಸೀದಿ ಮತ್ತು ಕಲಾವಿದರು ಸಹಿ ಮಾಡಿದ ದೃಢೀಕರಣ ಪತ್ರವನ್ನು ಪಡೆಯಿರಿ. ಅದರಲ್ಲಿ ಹೆಸರು, ವರ್ಷ, ಮಾಧ್ಯಮ, ಅಳತೆ ಇರಬೇಕು. ಕೃತಿಯ ಮುಂಬದಿ, ಹಿಂಬದಿಯ ಫೋಟೋ ತೆಗೆದು ಕಚೇರಿಯ ಆಸ್ತಿಯ ಪಟ್ಟಿಯಲ್ಲಿ ಸೇರಿಸಿ, ವಿಮೆಯಲ್ಲಿ ಬೇರೆಯಾಗಿ ನಮೂದಿಸಿ.

ಅನೇಕರು ಎಡವುವುದು ಕೃತಿಸ್ವಾಮ್ಯದಲ್ಲಿ. ಸಿದ್ಧವಾಗಿದ್ದ ಚಿತ್ರವನ್ನು ಕೊಂಡವರು ಆ ವಸ್ತುವಿಗೆ ಮಾತ್ರ ಒಡೆಯರಾಗುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದನ್ನು ಕ್ಯಾಲೆಂಡರಿಗೆ, ದೀಪಾವಳಿಯ ಶುಭಾಶಯ ಪತ್ರಕ್ಕೆ, ಜಾಹೀರಾತಿಗೆ ಮುದ್ರಿಸುವ ಹಕ್ಕು ಬರಹದಲ್ಲಿ ಪಡೆಯದ ಹೊರತು ಕಲಾವಿದರ ಬಳಿಯೇ ಉಳಿಯುತ್ತದೆ, ಅವರ ಮರಣದ ನಂತರವೂ 60 ವರ್ಷ. ನೀವೇ ಹಣ ಕೊಟ್ಟು ಹೇಳಿ ಬರೆಸಿದ ವರ್ಣಚಿತ್ರದಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಕೃತಿಸ್ವಾಮ್ಯ ಬರೆಸಿದವರದಾಗುತ್ತದೆ. ಆದರೂ ಕೃತಿಯನ್ನು ತಮ್ಮ ಗೌರವಕ್ಕೆ ಕುಂದು ಬರುವಂತೆ ಕತ್ತರಿಸುವುದನ್ನು, ವಿರೂಪಗೊಳಿಸುವುದನ್ನು ತಡೆಯುವ ಹಕ್ಕು 57ನೆಯ ಕಲಮಿನಂತೆ ಕಲಾವಿದರಿಗೇ ಇರುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ತಳ್ಳಿದಾಗ ಅವರು ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು ಉಳಿದ ಭಾಗಗಳನ್ನು ಅವರಿಗೆ ಮರಳಿಸುವಂತೆಯೂ ಐದು ಲಕ್ಷ ರೂಪಾಯಿ ಪರಿಹಾರ ಕೊಡುವಂತೆಯೂ ಆದೇಶಿಸಿತು. ಗೋಡೆಯ ಮೇಲೆಯೇ ಬರೆಸುವ ಕಚೇರಿಗಳು, ಅದರಲ್ಲಿಯೂ ಬಾಡಿಗೆ ಜಾಗದಲ್ಲಿರುವವು, ಮುಂದೆ ಜಾಗ ಬಿಡಬೇಕಾದಾಗ ಏನು ಮಾಡುವುದೆಂದು ಮೊದಲೇ ಬರೆದುಕೊಳ್ಳಬೇಕು. ತೆಗೆದು ಸಾಗಿಸಬಹುದಾದ ಹಲಗೆಯ ಮೇಲೆ ಬರೆಸುವುದು ಇನ್ನೂ ಒಳ್ಳೆಯದು.

ಕಟ್ಟು

ಕಾಗದದ ಕೃತಿ ಗಾಜಿಗೆ ತಾಗಬಾರದು. ನಡುವೆ ಆಮ್ಲರಹಿತ ಮೌಂಟ್ ಬೋರ್ಡ್, ಎಂದರೆ ಚಿತ್ರದ ಸುತ್ತ ಬರುವ ದಪ್ಪ ಕಾಗದದ ಚೌಕಟ್ಟು, ಇರಬೇಕು. ಕಟ್ಟು ಹಾಕುವವರಿಗೆ ಮೂರು ಮಾತನ್ನು ಬರೆದುಕೊಡಿ: ಕೃತಿಯನ್ನು ಗೋಂದಿನಿಂದ ಹಲಗೆಗೆ ಅಂಟಿಸಕೂಡದು, ಅಂಚನ್ನು ಕತ್ತರಿಸಕೂಡದು, ಹಿಂಬದಿಗೆ ಹಾರ್ಡ್‌ಬೋರ್ಡನ್ನು ನೇರವಾಗಿ ತಾಗಿಸಕೂಡದು. ಕ್ಯಾನ್ವಾಸಿನ ತೈಲಚಿತ್ರಕ್ಕೆ ಸಾಮಾನ್ಯವಾಗಿ ಗಾಜು ಬೇಡ.

ತೂಗುಹಾಕುವ ಲೆಕ್ಕ

ಚಿತ್ರದ ನಡುಬಿಂದು ನೆಲದಿಂದ 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿದ್ದರೆ ನಿಂತವರ ಕಣ್ಣಿಗೆ ಹಿತವಾಗಿರುತ್ತದೆ. ನಮ್ಮ ಕಚೇರಿಗಳಲ್ಲಿ ಹೆಚ್ಚಿನ ಚಿತ್ರಗಳು ಇದಕ್ಕಿಂತ ಬಹಳ ಮೇಲೆ, ಬಾಗಿಲಿನ ತಲೆಗೆ ಸಮನಾಗಿ ತೂಗುತ್ತಿರುತ್ತವೆ. ಮೊಳೆಯ ಜಾಗವನ್ನು ಹೀಗೆ ಲೆಕ್ಕ ಮಾಡಿ: ನಡುಬಿಂದುವಿನ ಎತ್ತರವನ್ನು 148 ಎಂದಿಟ್ಟುಕೊಂಡು, ಕಟ್ಟಿನ ಎತ್ತರದ ಅರ್ಧವನ್ನು ಅದಕ್ಕೆ ಕೂಡಿಸಿ, ಬಿಗಿಯಾಗಿ ಎಳೆದ ತಂತಿಗೂ ಕಟ್ಟಿನ ಮೇಲಂಚಿಗೂ ಇರುವ ಅಂತರವನ್ನು ಅದರಿಂದ ಕಳೆಯಿರಿ. ಕಟ್ಟು 80 ಸೆಂಟಿಮೀಟರ್ ಎತ್ತರವಿದ್ದು ತಂತಿ ಮೇಲಂಚಿನಿಂದ 8 ಸೆಂಟಿಮೀಟರ್ ಕೆಳಗಿದ್ದರೆ, 148 ಮತ್ತು 40 ಸೇರಿ 188, ಅದರಲ್ಲಿ 8 ಕಳೆದರೆ 180. ಕೊಕ್ಕೆ ಅಲ್ಲಿಗೆ ಬರಬೇಕು. ಜನ ಕೂತೇ ನೋಡುವ ಸಭಾಕೋಣೆಯಲ್ಲಿ ನಡುಬಿಂದುವನ್ನು ಸುಮಾರು 120ರಿಂದ 130ಕ್ಕೆ ಇಳಿಸಿ. ಸೋಫಾದ ಮೇಲಿನ ಚಿತ್ರ ಸೋಫಾದ ಅಗಲದ ಮೂರರಲ್ಲಿ ಎರಡು ಪಾಲು ಇದ್ದು, ಅದರ ಬೆನ್ನಿನಿಂದ 15ರಿಂದ 20 ಸೆಂಟಿಮೀಟರ್ ಮೇಲಿರಲಿ. ಹಲವು ಸಣ್ಣ ಚಿತ್ರಗಳನ್ನು ಒಟ್ಟಿಗೆ ಹಾಕುವುದಾದರೆ ಮೊದಲು ನೆಲದ ಮೇಲೆ ಜೋಡಿಸಿ ನೋಡಿ, ಅವುಗಳ ನಡುವೆ 5ರಿಂದ 8 ಸೆಂಟಿಮೀಟರ್ ಬಿಟ್ಟು, ಇಡೀ ಗುಂಪನ್ನು ಒಂದೇ ಚಿತ್ರವೆಂದು ಎಣಿಸಿ ಅಳತೆ ಮಾಡಿ. ವಿಡಿಯೋ ಸಭೆಯಲ್ಲಿ ಕ್ಯಾಮೆರಾಕ್ಕೆ ಕಾಣುವ ಗೋಡೆಗೆ ಗಾಜಿಲ್ಲದ ಕೃತಿಯೇ ಸರಿ, ಗಾಜಿನಲ್ಲಿ ಪರದೆಯ ಬೆಳಕು ಪ್ರತಿಫಲಿಸುತ್ತದೆ.

ಮೊಳೆ ಹೊಡೆಯುವ ಮುನ್ನ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅದು ಜಿಪ್ಸಮ್ ಹಲಗೆ. ಅಲ್ಲಿ ಸಾಮಾನ್ಯ ಪ್ಲಗ್ ನಿಲ್ಲುವುದಿಲ್ಲ, ಒಳಗಿನ ಲೋಹದ ಚೌಕಟ್ಟನ್ನು ಹುಡುಕಿ ಅದಕ್ಕೇ ಸ್ಕ್ರೂ ಹಾಕಬೇಕು, ಇಲ್ಲವೇ ಟೊಳ್ಳು ಗೋಡೆಗೆಂದೇ ಇರುವ ಆಂಕರ್ ಬಳಸಬೇಕು. ಕೊಕ್ಕೆ ಚಿತ್ರದ ತೂಕದ ಮೂರು ಪಟ್ಟನ್ನಾದರೂ ತಾಳುವಂತಿರಲಿ. ರೈಲುಹಳಿಯ ಪಕ್ಕದ ಕಟ್ಟಡಗಳಲ್ಲಿ ಗೋಡೆ ದಿನವಿಡೀ ಸಣ್ಣಗೆ ಅದುರುವುದರಿಂದ ಒಂದೇ ಕೊಕ್ಕೆಯ ಚಿತ್ರ ವಾರದೊಳಗೆ ಓರೆಯಾಗುತ್ತದೆ. ಎರಡು ಕೊಕ್ಕೆ ಹಾಕಿ. ಕಟ್ಟಿನ ಕೆಳಗಿನ ಎರಡು ಮೂಲೆಗಳಿಗೆ ರಬ್ಬರಿನ ಗುಂಡಿಗಳನ್ನು ಅಂಟಿಸಿ. ಅವು ಜಾರುವುದನ್ನು ತಡೆಯುವುದರ ಜೊತೆಗೆ ಚಿತ್ರಕ್ಕೂ ಗೋಡೆಗೂ ನಡುವೆ ಗಾಳಿಯಾಡುವ ಸಂದು ಬಿಡುತ್ತವೆ. ಮಳೆಗಾಲದಲ್ಲಿ ಈ ಸಂದು ಬಹಳ ದೊಡ್ಡ ಉಪಕಾರ ಮಾಡುತ್ತದೆ. ಬಾಡಿಗೆ ಜಾಗದಲ್ಲಿ ಗೋಡೆಗೆ ತೂತು ಹೊಡೆಯಲು ಅನುಮತಿ ಇಲ್ಲದಿದ್ದರೆ ಮೇಲ್ಭಾಗದಲ್ಲಿ ಒಂದೇ ಒಂದು ಹಳಿಯನ್ನು ಕೂರಿಸಿ, ಅದರಿಂದ ತಂತಿ ಇಳಿಬಿಡುವ ವ್ಯವಸ್ಥೆಗೆ ಮಾಲೀಕರನ್ನು ಒಪ್ಪಿಸಿ.

ಬೆಳಕು

ಒಂದು ಜಾಗಕ್ಕೆ ಎಷ್ಟು ಬೆಳಕು ಬೀಳುತ್ತದೆ ಎಂಬುದರ ಅಳತೆ ಲಕ್ಸ್. ಮೇಜಿನ ಕೆಲಸಕ್ಕೆ 300ರಿಂದ 500 ಲಕ್ಸ್ ಬೆಳಕು ಬೇಕು. ಜಲವರ್ಣಕ್ಕೂ ಬಟ್ಟೆಗೂ ಸಂಗ್ರಹಾಲಯಗಳು ಕೊಡುವುದು ಸುಮಾರು 50 ಲಕ್ಸ್, ತೈಲಚಿತ್ರಕ್ಕೆ ಸುಮಾರು 200. ಅಂದರೆ ಸಾಮಾನ್ಯ ಕಚೇರಿಯ ಬೆಳಕೇ ಜಲವರ್ಣಕ್ಕೆ ಅತಿಯಾದದ್ದು. ಮಂಕಾದ ಬಣ್ಣವನ್ನು ಮರಳಿ ತರುವ ದಾರಿಯಿಲ್ಲ, ಆದ್ದರಿಂದ ಕಾಗದದ ಕೃತಿಗಳನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಬದಲಿಸಿ, ತೆಗೆದದ್ದನ್ನು ಕತ್ತಲೆಯ ಒಣ ಕಪಾಟಿನಲ್ಲಿ ನೇರವಾಗಿ ನಿಲ್ಲಿಸಿಡಿ. ಚಿತ್ರಕ್ಕೆಂದೇ ದೀಪ ಹಾಕುವುದಾದರೆ ಬಣ್ಣಗಳನ್ನು ಸರಿಯಾಗಿ ತೋರಿಸುವ, ಅಂದರೆ ಸಿಆರ್‌ಐ ಎಂಬ ಅಂಕ 90ಕ್ಕಿಂತ ಹೆಚ್ಚಿರುವ ಎಲ್‌ಇಡಿಯನ್ನು, ನೇರ ಕೆಳಕ್ಕೆ ಬೀಳುವ ಬೆಳಕಿಗಿಂತ ಸುಮಾರು 30 ಡಿಗ್ರಿ ಓರೆಯಾಗಿ ಬೆಳಕು ಚಿತ್ರದ ಮೇಲೆ ಬೀಳುವಂತೆ ಛಾವಣಿಯಲ್ಲಿ ಕೂರಿಸಿ.

ಚಿತ್ರದ ಬಲಬದಿಯಲ್ಲಿ ಸಣ್ಣ ಫಲಕವೊಂದು ಇರಲೇಬೇಕು: ಕಲಾವಿದರ ಹೆಸರು, ಕೃತಿಯ ಹೆಸರು, ವರ್ಷ, ಮಾಧ್ಯಮ. ಕಚೇರಿಯಲ್ಲಿ ಓದುವವರ ಭಾಷೆಗಳಲ್ಲಿ, ಎಂದರೆ ಮರಾಠಿ, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಬರೆಸಿದರೆ ಇನ್ನೂ ಚೆನ್ನ.

ಮಳೆಗಾಲದಲ್ಲಿ

ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಪ್ರತಿ ಚಿತ್ರವನ್ನೂ ಗೋಡೆಯಿಂದ ಸ್ವಲ್ಪ ಎತ್ತಿ ಹಿಂಬದಿಯನ್ನು ಟಾರ್ಚಿನಿಂದ ನೋಡಿ, ನೋಡಿದ ದಿನಾಂಕವನ್ನು ಬರೆದಿಡಿ. ಧೂಳನ್ನು ಮೃದುವಾದ ಒಣ ಕುಂಚದಿಂದ ಮಾತ್ರ ತೆಗೆಯಬೇಕು. ಗಾಜು ಒರೆಸುವ ದ್ರಾವಣವನ್ನು ಬಟ್ಟೆಗೆ ಸಿಂಪಡಿಸಿಕೊಳ್ಳಬೇಕೇ ಹೊರತು ಗಾಜಿಗೆ ಅಲ್ಲ, ಏಕೆಂದರೆ ಅದು ಅಂಚಿನಿಂದ ಒಳಗಿಳಿದು ಕಾಗದವನ್ನು ಸೇರುತ್ತದೆ. ಜಿರಳೆ, ಗೆದ್ದಲಿಗೆ ಔಷಧ ಹೊಡೆಸುವ ದಿನ ಚಿತ್ರಗಳನ್ನು ಬೇರೆ ಕೋಣೆಗೆ ಸಾಗಿಸಿ. ಬೂಷ್ಟು ಕಂಡರೆ ಒರೆಸಲು ಹೋಗಬೇಡಿ, ಅದು ಇನ್ನಷ್ಟು ಹರಡುತ್ತದೆ; ಆ ಕೃತಿಯನ್ನು ಉಳಿದವುಗಳಿಂದ ಬೇರ್ಪಡಿಸಿ, ಒಣಗಿದ, ಗಾಳಿಯಾಡುವ ಕೋಣೆಯಲ್ಲಿ ಬಿಸಿಲಿಗೆ ಒಡ್ಡದೆ ಇಟ್ಟು, ಕಲಾಕೃತಿ ಸಂರಕ್ಷಣೆಯ ತಜ್ಞರನ್ನು ಸಂಪರ್ಕಿಸಿ. ಫೋರ್ಟ್ ಪ್ರದೇಶದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಇದಕ್ಕೆಂದೇ ಒಂದು ಸಂರಕ್ಷಣಾ ಕೇಂದ್ರವಿದೆ. ನನ್ನ ಆ ಜಲವರ್ಣದ ಕಂದು ಚುಕ್ಕೆಗಳನ್ನು ನಾನು ಮೊದಲು ಒದ್ದೆ ಹತ್ತಿಯಿಂದ ಒರೆಸಿದೆ. ಚುಕ್ಕೆ ಹೋಗಲಿಲ್ಲ, ಆಕಾಶದ ನೀಲಿ ಹೋಯಿತು.